ಪಾವಣೇರ ಪರವಾನಗಿ

ಯಾರ ಮನೆಗೆ ಹೋದರೂ ಬೆಳಿಗ್ಗೆ ಎದ್ದ ಕೂಡಲೇ ಕೈಚೀಲಕ್ಕೆ ಬಟ್ಟೆ ತುಂಬುವ ಚಟ ನನಗೆ ಇಂದಿಗೂ ಬಿಟ್ಟಿಲ್ಲ. ಉಳಿಯುವ ಆಸೆ ಎಷ್ಟು ಗಟ್ಟಿಯೋ ಹೊರಡುವ ಸಡಗರ ಅಷ್ಟು ಜೋರು. ಹೆಂಡತಿ ನಗುತ್ತಾಳೆ, ನಗಲಿ. ಐವತ್ತರ ದಶಕದ ಸೊಲ್ಲಾಪುರದಲ್ಲಿ, ಅದೂ ಅಕ್ಕನ ಅತ್ತೆಯ ಮನೆಯಲ್ಲಿ, ಪಾವಣೇರಾಗಿ ಇದ್ದವರಿಗಷ್ಟೇ ಈ ವಿದ್ಯೆಯ ಬೆಲೆ ಗೊತ್ತು.

ಪಾವಣೇರು ಎಂದರೆ ನಮ್ಮ ಕಡೆ ಅತಿಥಿಗಳು. ನಾನು ನಮ್ಮೂರು ವಾಗದರಿಯಿಂದ ಬಂದದ್ದೇನೋ ಬಟ್ಟೆ ಗಿರಣಿಯಲ್ಲಿ ದುಡಿಯಲು. ಆದರೆ ಗಿರಣಿಯ ಗೇಟು ದಾಟಲು ಬದಲಿ ಪಾಸು ಬೇಕು. ಯಾರಾದರೂ ಕೆಲಸಕ್ಕೆ ಬಾರದ ದಿನ ಅವರ ಜಾಗದಲ್ಲಿ ನಿಲ್ಲುವ ಅಪ್ಪಣೆ ಅದು. ಗಿರಣಿಗೆ ಆಳು ಹಚ್ಚುವ ಮುಕಾದಮ ನನ್ನನ್ನು ಮೇಲಿಂದ ಕೆಳಗೆ ಅಳೆದು, "ಪಾಸ್ ಬರೋತನಾ ಊರಾಗ ಇರಬೇಕ ನೋಡು. ಕರದಾಗ ಇಲ್ಲಂದ್ರ ಮುಂದಿನಾಂವಗ ಕೊಡ್ತೀನಿ" ಎಂದಿದ್ದ. ಅಂದರೆ ಕೆಲಸ ಮಾಡುವಂತಿಲ್ಲ, ಊರು ಬಿಡುವಂತೆಯೂ ಇಲ್ಲ. ದಿನಾ ಮುಂಜಾನೆ ಗಿರಣಿಯ ಭೋಂಗಾ ಕೂಗಿದಾಗ ಊರೆಲ್ಲ ಓಡುತ್ತಿತ್ತು, ನಾನು ಮಗ್ಗುಲು ಬದಲಿಸುತ್ತಿದ್ದೆ.

ವಿಜಾಪುರ ರಸ್ತೆಯ ಆ ಮನೆಯ ಯಜಮಾನಿ ಅಕ್ಕನ ಅತ್ತೆ. ಎಲ್ಲರಿಗೂ ಅವರು ಆಯಿ. ಹೆಣ್ಣು ಕೊಟ್ಟ ಮನೆಯಲ್ಲಿ ಹುಡುಗಿಯ ತಮ್ಮ ಠಿಕಾಣಿ ಹೂಡಿದರೆ ಓಣಿಯ ನಾಲಗೆ ಸುಮ್ಮನಿರುತ್ತದೆಯೇ? "ತಮ್ಮನ್ನ ಸಾಕಾಕತ್ಯಾಳ" ಎಂಬ ಮಾತು ಅಕ್ಕನ ಪಾಲಿಗೆ ಜೀವಮಾನದ ಚುಚ್ಚು. ಆದ್ದರಿಂದ ನಾನು ಕಾಯಿದೆಬದ್ಧವಾಗಿ ಪಾವಣೇರಾಗಿಯೇ ಇರಬೇಕಿತ್ತು. ಪಾವಣೇರು ಕೆಲಸ ಮುಟ್ಟಬಾರದು. ಒಮ್ಮೆ ಪಾಪಪ್ರಜ್ಞೆಯಿಂದ ಕೊಡ ಎತ್ತಿದ್ದಕ್ಕೆ ಆಯಿ, "ಅಯ್ಯ ಶಿವನ! ಪಾವಣೇರ ಕಡೆ ನೀರ ಹೊರಸ್ತಾರಂತ ಮಂದಿ ನಮ್ಮ ಮಾರಿಗಿ ಉಗುಳಬೇಕೇನ್ರಿ?" ಎಂದು ಕೊಡ ಕಸಿದುಕೊಂಡಿದ್ದರು.

ತಿಥಿ ನೋಡದೆ ಬರುವವನೇ ಅತಿಥಿ ಎಂದು ಪಂಡಿತರು ಪದ ಬಿಡಿಸಿ ಹೇಳುತ್ತಾರೆ. ಬಂದವನು ಯಾವ ತಿಥಿಗೆ ತೊಲಗಬೇಕು ಎಂಬಲ್ಲಿಗೆ ಬಂದಾಗ ಪಂಡಿತರಿಗೆ ಕೆಮ್ಮು ಬರುತ್ತದೆ. ಆ ಕೊರತೆಯನ್ನು ನಮ್ಮ ಜನ ತಾವೇ ತುಂಬಿಕೊಂಡಿದ್ದಾರೆ. ಮುಂಜಾನೆ ಚಹಾ ಕುಡಿದು ನಾನು ಚೀಲ ಹಿಡಿದು ಹೊಸ್ತಿಲ ಬಳಿ ನಿಲ್ಲುವುದು. "ಹೋಗಿ ಬರ್ತೀನ್ರಿ ಆಯಿ." ಆಯಿ ಒಲೆಯ ಮುಂದಿನಿಂದಲೇ, "ಏನ್ ಅವಸರ? ಇವತ್ತೊಂದಿನ ಇರ್ರಿ, ನಾಳಿ ಹೋಗೀರಂತ" ಎನ್ನುವುದು. ನಾನು ಇಲ್ಲದ ಸಂಕೋಚವನ್ನೆಲ್ಲ ಮುಖಕ್ಕೆ ತಂದುಕೊಂಡು ಚೀಲ ಇಳಿಸುವುದು. ಉಳಿಯುವ ಪರವಾನಗಿ ಮತ್ತೊಂದು ದಿನಕ್ಕೆ ಸಿಕ್ಕಿತು. ಅಕ್ಕ ಒಳಗೆ ಉಸಿರು ಬಿಟ್ಟದ್ದು ನನಗೆ ಕೇಳುತ್ತಿತ್ತು. ದಸರೆಯ ಬನ್ನಿ ಕೊಡುವಾಗಲೂ ನಾನು ನಾಳೆಯೇ ಹೊರಡುವವನಾಗಿದ್ದೆ.

ಹೀಗಿರುವಾಗ ಆಯಿ ನಾಲ್ಕು ದಿನ ಇದ್ದು ಬರುವುದಾಗಿ ಅಕ್ಕಲಕೋಟೆಯ ತವರಿಗೆ ಹೋದರು. ಮರುದಿನ ಮುಂಜಾನೆ ನಾನು ರೂಢಿಯಂತೆ ಹೊಸ್ತಿಲಲ್ಲಿ ನಿಂತೆ. ಎದುರಿಗಿದ್ದವರು ಅಕ್ಕನ ಗಂಡ, ಅಂಗಡಿಗೆ ಹೊರಟು ಟೋಪಿ ಹುಡುಕುತ್ತಿದ್ದ ಸಾಧು ಮನುಷ್ಯ. "ಹೋಗಿ ಬರ್ತೀನ್ರಿ" ಎಂದೆ. ಅವರು ಟೋಪಿ ಝಾಡಿಸುತ್ತ, "ಹಂಗಾರ ಆತು, ಹೋಗಿ ಬರ್ರಿ. ಊರಾಗ ಎಲ್ಲಾರನೂ ಕೇಳ್ದೆ ಅಂತ ಹೇಳ್ರಿ" ಅಂದುಬಿಟ್ಟರು!

ಎಲಾ ಇವನ! ಈಗ ಉಳಿದರೆ ನಾನು ಪಾವಣ್ಯಾ ಅಲ್ಲ, ಮಾನಗೆಟ್ಟವನು. ಅಕ್ಕ ಬಾಗಿಲ ಮರೆಯಿಂದ ಕಣ್ಣಲ್ಲೇ ಗಂಡನಿಗೆ ಏನೇನೋ ಹೇಳಿದಳು, ಅವರು ಟೋಪಿಯನ್ನೇ ನೋಡುತ್ತಿದ್ದರು. ತನ್ನ ತಮ್ಮನನ್ನು ತಾನೇ ಇರು ಅನ್ನಲು ಅವಳಿಗೆ ಬಾಯಿಲ್ಲ. ಬೀದಿಗಿಳಿದೆ. ಮುಕಾದಮ ಇವತ್ತೇ ಕರೆದರೆ ಏನು ಗತಿ!

ವಾಗದರಿಗೆ ಹೋಗಲು ಅಕ್ಕಲಕೋಟೆಯಲ್ಲಿ ಮೋಟಾರು ಬಸ್ಸು ಬದಲಿಸಬೇಕು. ಇಷ್ಟು ದಿನ ಅನ್ನ ಹಾಕಿದವರಿಗೆ ಹೇಳದೆ ಹೋಗುವುದು ಸರಿಯಲ್ಲವೆಂದು ಆಯಿಯ ತವರನ್ನು ಹುಡುಕಿಕೊಂಡು ಹೋದೆ. ಆಯಿ ಹೊರಗಿನ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು, ಪಕ್ಕದಲ್ಲಿ ಬಟ್ಟೆಯ ಗಂಟು.

"ಎಲ್ಲಿಗಿ ಹೊಂಟೀರಿ?"

"ಊರಿಗಿ ಆಯಿ. ಹೋಗಿ ಬರ್ತೀನಿ ಅಂದೆ. ಹೋಗಿ ಬರ್ರಿ ಅಂದ್ರು."

ಆಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ನನ್ನ ಮಗ ಭೋಳೆ. ಅಂದಿದ್ದೆಲ್ಲಾ ಖರೇ ಅಂತ ತಿಳೀತಾನ." ನಗುತ್ತಲೇ ಗಂಟನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಬೀದಿಯ ಕಡೆ ನೋಡುತ್ತ ಹೇಳಿದರು: "ಮುಂಜಾನಿ ನಾನೂ ಹೊಂಡ್ತೀನಿ ಅಂದೆ. ತಮ್ಮನ ಹೇಣ್ತಿ, ಹೂಂ, ಹೋಗಿ ಬರ್ರಿ ಅಕ್ಕಾರ ಅಂದ್ಳು. ಅವ್ವ ಇದ್ದಾಗ ತಿಂಗಳಗಟ್ಲೆ ಬಿಡ್ತಿದ್ದಿಲ್ಲ."

ಪಾಸು, ಮುಕಾದಮ ಎಲ್ಲ ಮರೆತುಹೋಯಿತು. "ಏಳ್ರಿ ಆಯಿ, ಮನಿಗಿ ಹೋಗೂಣು" ಎಂದೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡೆ. ಯಾರ ಮನೆ, ಯಾರು ಯಾರನ್ನು ಕರೆಯುವುದು!

"ಯಾರರ ಕರೀಲಿ ಅಂತನ ಕುಂತಿದ್ದೆ ನೋಡಪಾ" ಎಂದು ಆಯಿ ನನ್ನ ಹೆಗಲು ಹಿಡಿದು ಎದ್ದರು.

ಗಿರಣಿಯ ಪಾಸು ಕೈಗೆ ಬರುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಅಲ್ಲಿಯ ತನಕ ನಾನು ಹೊರಡುತ್ತೇನೆ ಎನ್ನಲಿಲ್ಲ, ಆಯಿಯೂ ಇರು ಎನ್ನಲಿಲ್ಲ. ಒಂದು ದಿನ ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ನಿಂತು ನನ್ನತ್ತ ಓರೆನೋಟ ಬೀರಿ, "ಪಾವಣೇರು ಇನ್ನೂ ಹೋಗಿಲ್ಲೇನ್ರಿ ಆಯಿ?" ಎಂದಳು. ಅಕ್ಕನ ಮುಖ ಕಪ್ಪಿಟ್ಟಿತು.

ಆಯಿ ರೊಟ್ಟಿ ಬಡಿಯುತ್ತಿದ್ದವರು ತಲೆ ಎತ್ತಲಿಲ್ಲ. "ಯಾವ ಪಾವಣೇರು?" ಎಂದರು.