ಯಾರೂ ಹೆಸರು ಹೇಳದ ಸಾಲು

ಕೊಟ್ಟಾರದ ಕಂಪೆನಿಯಲ್ಲಿ ಮಗಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅಷ್ಟರಲ್ಲೇ ಅವಳ ಟೀಮ್ ಲೀಡರ್ ಒಂದು ಹಳೆಯ ಪ್ರೋಗ್ರಾಂ ಕೊಟ್ಟು, ಬೇಡದ್ದನ್ನೆಲ್ಲ ತೆಗೆದು ಸ್ವಚ್ಛ ಮಾಡು ಎಂದರು. ಪಣಂಬೂರಿನ ಬಂದರಿನಲ್ಲಿ ಸರಕಿನ ಲಾರಿಗಳಿಗೆ ಗೇಟ್ ಪಾಸ್ ಕೊಡುವ ಪ್ರೋಗ್ರಾಂ ಅದು. ವರ್ಷಗಟ್ಟಲೆ ಯಾರೂ ಮುಟ್ಟದ್ದನ್ನು ಹೊಸಬಳ ಕೈಗೆ ಯಾಕೆ ಕೊಟ್ಟರು? ನನಗೆ ಆಗಲೇ ಸಂಶಯ ಬಂತು. ಕೆಟ್ಟರೆ ತಪ್ಪು ಇವಳ ತಲೆಗೆ, ಕೆಲಸವೂ ಹೋದೀತು.

ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನ ನಾನು ಎದುರು ಕುಳಿತು ಬಸಳೆ ಬಿಡಿಸುತ್ತಿದ್ದೆ. ಪ್ರೋಗ್ರಾಂ ಎಂದರೆ ಹಲವು ಫೈಲುಗಳಂತೆ; ಪ್ರತಿ ಫೈಲಿನ ತಲೆಯಲ್ಲಿ, ತನಗೆ ಬೇರೆ ಯಾವ ಫೈಲು ಬೇಕೆಂದು ಬರೆದಿರುತ್ತದಂತೆ. ಇಂಪೋರ್ಟ್ ಎನ್ನುತ್ತಾರೆ. ಇಲ್ಲಿ ಎಲ್ಲವೂ ಎಲ್ಲವನ್ನೂ ಕರೆದುಕೊಂಡು, ಒಂದನ್ನು ಮುಟ್ಟಿದರೆ ಹತ್ತು ಅಲುಗುವಷ್ಟು ಗಂಟಾಗಿತ್ತು.

"ಈ ಸಾಲು ನೋಡಮ್ಮ. ಮೇಲೆ ಒಂದು ಫೈಲನ್ನು ಕರೆದು ಕೂರಿಸಿದ್ದಾರೆ, ಕೆಳಗೆ ಎಲ್ಲಿಯೂ ಅದರ ಸುದ್ದಿಯೇ ಇಲ್ಲ. ತೆಗೀತೇನೆ."

"ಇಟ್ಟವರಿಗೆ ಎಂತ ಮರುಳಾ?"

"ಬೇಡ ಅಂತ ಕಂಪ್ಯೂಟರೇ ತೋರಿಸ್ತದೆ."

"ಅದಕ್ಕೆ ಎಂತ ಗೊತ್ತುಂಟು ಮಾರಾಯ್ತಿ?"

ತೀರಿಹೋದ ಹಿರಿಯರಿಗೆ ಬಡಿಸುವ ದಿನ ನಮ್ಮಲ್ಲಿ ಒಂದು ಎಲೆ ಹೆಚ್ಚು ಹಾಕುತ್ತೇವೆ. ಯಾರದೆಂದು ನನ್ನ ಅತ್ತೆಗೂ ಗೊತ್ತಿರಲಿಲ್ಲ. ಬಿಡುವ ಧೈರ್ಯ ನನಗಿಲ್ಲ.

"ಹಾಗಾದ್ರೆ ಆ ಎಲೆಯನ್ನೂ ತೆಗೀತೀಯಾ?" ಎಂದೆ.

ನಕ್ಕಳು. ಆದರೂ ನನ್ನ ಬಾಯಿ ಮುಚ್ಚಿಸಲಿಕ್ಕೆ, ಪರೀಕ್ಷೆಗೆಂದೇ ಇಟ್ಟಿದ್ದ ಪ್ರತಿಯಲ್ಲಿ ಆ ಸಾಲನ್ನು ಅಳಿಸಿ, ಒಂದೊಂದೇ ಸರಕಿಗೆ ಪಾಸ್ ತೆಗೆದು ನೋಡಿದಳು. ಕಲ್ಲಿದ್ದಲಿಗೆ ಬಂತು. ಅದಿರಿಗೆ ಬಂತು. ರಸಗೊಬ್ಬರಕ್ಕೆ ಬರಲಿಲ್ಲ. ಮಗಳ ನಗು ನಿಂತಿತು.

ಆ ಫೈಲನ್ನು ಕರೆದರೆ ಸಾಕು, ಅದು ತನ್ನಷ್ಟಕ್ಕೆ ರಸಗೊಬ್ಬರವನ್ನು ಸರಕಿನ ಪಟ್ಟಿಗೆ ಸೇರಿಸಿಬಿಡುತ್ತಿತ್ತು. ಮತ್ತೆ ಯಾರೂ ಅದರ ಹೆಸರು ಹೇಳಬೇಕಾಗಿರಲಿಲ್ಲ.

ಲೀಡರಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಅವರ ನಗು ಕೇಳಿತು. "ಹೋ, ಅದು ನಾನೇ ಹಾಕಿದ್ದು. ಮರ್ತೇ ಹೋಗಿತ್ತು!"

ಮಗಳು ಸಾಲನ್ನು ಉಳಿಸಿ, ಅದು ಯಾಕೆ ಬೇಕೆಂದು ಪಕ್ಕದಲ್ಲೇ ಬರೆದಿಟ್ಟಳು. ಪಣಂಬೂರಿನ ಗೇಟಿನಲ್ಲಿ ಪಾಸ್ ಸಿಗದೆ ಒಂದು ಲಾರಿಯೂ ನಿಲ್ಲಲಿಲ್ಲ. ಮಗಳು ಅವತ್ತು ಹೊಟ್ಟೆ ತುಂಬ ಉಂಡಳು. ತಿಂಗಳು ಕಳೆದು ಖಾಯಂ ಪತ್ರವೂ ಬಂತು. ಇಷ್ಟಕ್ಕೆಲ್ಲ ದೇವರಿಗೆ ಕೈಮುಗಿದಿದ್ದೇನೆ.

ಆ ಲೀಡರ್ ನಿಜವಾಗಿ ಮರೆತಿದ್ದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಇನ್ನು ಏನನ್ನಾದರೂ ತೆಗೆಯುವ ಮೊದಲು, ತೆಗೆಯಬಹುದೆಂದು ಅವರ ಹತ್ತಿರ ಬರೆಸಿಕೊ ಎಂದು ಮಗಳಿಗೆ ಹೇಳಿದ್ದೇನೆ.