ಬಡ್ಡಿ ಇಳಿಯಲೆಂದು ಕಾದವರು

ಮಾನ್ಯ ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಎಪ್ಪತ್ತರ ದಶಕದಲ್ಲಿ ವಿಜಾಪುರದ ಇಬ್ರಾಹಿಂಪುರದಲ್ಲಿದ್ದ ನಮ್ಮ ನೆರೆಮನೆಯ ಯಜಮಾನರು ಬದನೆಕಾಯಿಯನ್ನು ಸಹ ಸಂತೆ ಮುಗಿಯುವ ಹೊತ್ತಿಗೇ ಕೊಳ್ಳುತ್ತಿದ್ದರು. ಅವಸರಪಡಿಸಿದರೆ ಟೊಪ್ಪಿಗೆಯನ್ನು ಹಿಂದೆ ಸರಿಸಿ, “ತಡೀರಿ, ಇನ್ನೂ ಇಳೀತೈತಿ” ಎನ್ನುತ್ತಿದ್ದರು.

ಅವರ ಮನೆಯು ಸಹಕಾರಿ ಸಂಘವೊಂದರಲ್ಲಿ ಅಡವಿತ್ತು. ಸಾಲದ ಮುದ್ದತು ಮುಗಿಯುತ್ತಿದ್ದು, ಶನಿವಾರದೊಳಗೆ ಹೊಸ ಕರಾರಿಗೆ ಸಹಿಯಾದರೆ ಮುಂದಿನ ಮುದ್ದತಿನುದ್ದಕ್ಕೂ ಬಡ್ಡಿ ಏರುವಂತಿರಲಿಲ್ಲ. ತಪ್ಪಿದರೆ ಸಂಘ ಹೇಳಿದ್ದೇ ದರ. ಇವರು ದರ ಇಳಿಯಲೆಂದು ಶನಿವಾರ ಮಧ್ಯಾಹ್ನದವರೆಗೂ ಕಾದು, ಕಡೆಗೆ ಪತ್ನಿಯನ್ನೂ, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ನನ್ನನ್ನೂ ಕರೆದುಕೊಂಡು ಸಂಘದ ಕಚೇರಿಗೆ ಹೋದರು.

“ಬಡ್ಡಿಯೊಳಗ ನೂರಕ್ಕ ಅರ್ಧಾ ಟಕ್ಕಾ ಬಿಡ್ರಿ,” ಎಂದರು ಇವರು.

“ಇದೇನು ಬದನಿಕಾಯೇನ್ರಿ?” ಎಂದು ಗುಮಾಸ್ತರು ನಕ್ಕರು.

ಸಂತೆಯಲ್ಲಿ ಗಿರಾಕಿ ಎದ್ದು ನಡೆದರೆ ಮಾರುವವನು ಕರೆದೇ ಕರೆಯುತ್ತಾನೆ. ಅದೇ ಭರವಸೆಯಿಂದ ಇವರು ನನ್ನ ಕೈ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲಿಳಿದು, ಅಂಗಳದಲ್ಲಿ ಬಹಳ ಹೊತ್ತು ನಿಂತರು.

“ಯಜಮಾನ್ರ, ಹೊಳ್ಳಿ ಬರ್ರಿ!” ಎಂದು ಗುಮಾಸ್ತರು ಕೂಗಿದರು.

ಇವರು ನನ್ನತ್ತ ಹುಬ್ಬು ಹಾರಿಸಿ, ಗೆದ್ದವರಂತೆ ಒಳನಡೆದು, “ಎಷ್ಟಕ್ಕ ಇಳಿಸಿದ್ರಿ?” ಎಂದು ವಿಚಾರಿಸಿದರು.

ಪತ್ನಿಯವರು ಲೇಖನಿಯನ್ನು ಗುಮಾಸ್ತರಿಗೆ ಹಿಂದಿರುಗಿಸುತ್ತ, “ಮನಿ ನನ್ನ ಹೆಸರಿಲೆ ಐತಿ, ನಾ ಸಹಿ ಮಾಡೇನಿ. ನೀವು ಛತ್ರಿ ಬಿಟ್ಟು ಹೊಂಟಿದ್ರಿ, ಅದಕ್ಕ ಕರದಾರ,” ಎಂದರು.