ಶಾಲೆಯ ಗೇಟಿನಲ್ಲಿ ರಾಗಿ ಸರಿ

ನಿನ್ನೆ ಜಯನಗರದಲ್ಲಿ ಹಿಟ್ಟಿನ ಗಿರಣಿಯೊಂದರ ಮುಂದೆ ಹೋಗುತ್ತಿದ್ದೆ. ಯಾರೋ ಮೊಳಕೆ ಕಟ್ಟಿ ಹುರಿದ ರಾಗಿಯನ್ನು ಬೀಸಿಸುತ್ತಿದ್ದರು. ಆ ಘಮಕ್ಕೆ ಈ ವಯಸ್ಸಿನಲ್ಲೂ ನನ್ನ ಮುಖ ಬಿಸಿಯಾಯಿತು.

ಶಾಲೆಯ ದಿನಗಳಲ್ಲಿ ನಾನು ತುಂಬಾ ಸಣಕಲಿ. ತಟ್ಟೆ ತುಂಬ ಬಡಿಸಿದರೆ ನಾಲ್ಕು ತುತ್ತಿಗೇ ಸಾಕಾಗುತ್ತಿತ್ತು. ಒತ್ತಾಯ ಮಾಡಿದರೆ ವಾಂತಿ. "ಒಂದೇ ಸಲ ತುರುಕಬೇಡೀಮ್ಮ, ಆಗಾಗ ಸ್ವಲ್ಪ ಸ್ವಲ್ಪ ಕೊಡಿ," ಎಂದರು ಡಾಕ್ಟರು. ಅಜ್ಜಿ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಬೆಲ್ಲ, ಹಾಲು, ತುಪ್ಪ ಹಾಕಿ ತೆಳ್ಳಗೆ ಕಾಯಿಸಿದ ರಾಗಿ ಸರಿಯನ್ನು ಲೋಟದಲ್ಲಿ ತಂದು, ಬೆಳಗಿನ ಬಿಡುವಿಗೆ ಶಾಲೆಯ ಗೇಟಿನಲ್ಲಿ ನಿಲ್ಲುತ್ತಿದ್ದರು. ಸರಿ ಎಂದರೆ ಎಳೆಗೂಸುಗಳಿಗೆ ಕೊಡುವ ಆಹಾರ. ಯಾರಿಗೂ ಕಾಣದಿರಲೆಂದು ನಾನು ನಾಚಿಕೆಯಿಂದ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದು ಕುಡಿಯುತ್ತಿದ್ದೆ.

ಒಂದು ದಿನ ಕ್ಲಾಸಿನ ಹುಡುಗಿಯರು ಸುತ್ತ ಸೇರಿದರು. "ಅಜ್ಜಿ, ನಿಮ್ಮ ಪಾಪುಗೆ ಇನ್ನೂ ಹಲ್ಲು ಬಂದಿಲ್ವಾ?" ಎಂದಳು ಒಬ್ಬಳು. ಎಲ್ಲರೂ ನಕ್ಕರು. ನಾನು ಲೋಟ ಮುಟ್ಟಲಿಲ್ಲ.

ಮನೆಯ ಹೊರಗೆ ನೀರನ್ನೂ ಕುಡಿಯದ ಮಡಿ ಅಜ್ಜಿ, ಅಲ್ಲೇ ರಸ್ತೆಯಲ್ಲಿ ಲೋಟ ಎತ್ತಿ ಒಂದು ಗುಟುಕು ಕುಡಿದರು. "ಹಲ್ಲಿಲ್ಲದೋಳು ನಾನು ಕಣ್ರೇ. ಒಬ್ಬಳೇ ಕುಡಿಯೋಕೆ ಬೇಜಾರು ಅಂತ ಇವಳನ್ನ ಕರೀತೀನಿ," ಎಂದು ನನ್ನ ಕೈಗೆ ಲೋಟ ಕೊಟ್ಟರು. ಚಕ್ಕುಲಿ ಕಟಕಟ ಕಡಿಯುತ್ತಿದ್ದ ಅಜ್ಜಿ! ನಾನು ಕುಡಿದೆ.

ಮುಂದೆ ನಿಧಾನವಾಗಿ ಮೈ ತುಂಬಿಕೊಂಡಿತು. ಈಗ ನನ್ನನ್ನು ಯಾರೂ ಸಣಕಲಿ ಎನ್ನುವುದಿಲ್ಲ. ಆದರೂ ನಾಲ್ಕು ಜನರ ಎದುರು ತಿನ್ನುವಾಗ ನನ್ನ ಎಡಗೈ ತಾನಾಗಿಯೇ ಬಾಯಿಗೆ ಅಡ್ಡ ಬರುತ್ತದೆ.